ಶಾಲೆಗಳಲ್ಲಿ ಗಣಕ ಶಿಕ್ಷಣವೂ ಸರ್ಕಾರದ ಅನುದಾನವೂ: ‘ಕ್ಲಾಸ್’ ಯೋಜನೆ ಮತ್ತು ಅದರ ಉತ್ತರ ಚರಿತ್ರೆ

1984-85ನೆಯ ಹಣಕಾಸಿನ ವರ್ಷದಲ್ಲಿ ಭಾರತ ಸರ್ಕಾರವು ದೇಶದ 250 ಮಾಧ್ಯಮಿಕ ಮತ್ತು ಉನ್ನತ ಮಾಧ್ಯಮಿಕ ಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸುವ ಪ್ರಾಯೋಗಿಕ ಯೋಜನೆಯೊಂದನ್ನು ಕೈಗೊಂಡಿತು. ಶಾಲೆಗಳಲ್ಲಿ ಗಣಕ ಸಾಕ್ಷರತೆ ಮತ್ತು ಅಧ್ಯಯನ ಎಂಬ ಅರ್ಥವುಳ್ಳ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಕ್ಲಾಸ್’ ಎಂಬ ಹೆಸರನ್ನಿಟ್ಟರು. ತರಗತಿ ಎಂಬರ್ಥದ ಪದವೇ ಯೋಜನೆಯ ಹೆಸರೂ ಆಗುವಂತೆ ಜೋಡಿಸಿದ ಅಧಿಕಾರಿಗಳ ಚಾತುರ್ಯವನ್ನು ಮೆಚ್ಚಬೇಕು. ಆದರೆ ಆ ಯೋಜನೆಯ ಹಣವು ತರಗತಿಗೆ ಎಷ್ಟರಮಟ್ಟಿಗೆ ತಲಪಿತು, ಬಾಗಿಲಿನ ಹೊರಗೆ ಎಷ್ಟರಮಟ್ಟಿಗೆ ನಿಂತಿತು ಎಂಬುದು ಬೇರೆ ಪ್ರಶ್ನೆ. ಅದೇ ಪ್ರಕೃತ ಲೇಖನದ ವಿಷಯ.

ಇಷ್ಟು ಸಮೀಪದ ಕಾಲದ ವೃತ್ತಾಂತವು ಚರಿತ್ರೆಯ ಸಂಚಿಕೆಯಲ್ಲಿ ಬರುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರಾದರೂ ಶಂಕಿಸಬಹುದು. ಆ ಯೋಜನೆ ಆರಂಭವಾಗಿ 40 ವರ್ಷಗಳು ಕಳೆದಿವೆ. ಅಂದು ಶಾಲೆಗೆ ಬಂದ ಯಂತ್ರಗಳು ವಸ್ತುಸಂಗ್ರಹಾಲಯದ ಪದಾರ್ಥಗಳಾಗಿವೆ. ಅಂದಿನ ಉಪಾಧ್ಯಾಯರು ನಿವೃತ್ತರಾಗಿದ್ದಾರೆ. ಇಷ್ಟು ದೂರ ಸಂದಿರುವ ಸಂಗತಿಯನ್ನು ಚರಿತ್ರಕಾರನು ಕೈಗೆತ್ತಿಕೊಳ್ಳುವುದರಲ್ಲಿ ತಪ್ಪಿಲ್ಲವೆಂದು ನಮ್ಮ ಭಾವನೆ. ಗಣಕಯಂತ್ರದ ಗುಣದೋಷಗಳ ವಿಚಾರ ಇಲ್ಲಿ ನಮಗೆ ಅಪ್ರಸ್ತುತ. ಸಾರ್ವಜನಿಕ ಧನವು ಯಾವ ಇಲಾಖೆಯಿಂದ, ಯಾವ ಲೆಕ್ಕದ ಶೀರ್ಷಿಕೆಯಡಿಯಲ್ಲಿ, ಎಷ್ಟು ಕಾಲದವರೆಗೆ ಸಂದಾಯವಾಯಿತೆಂಬುದನ್ನು ಮಾತ್ರ ಪರಿಶೀಲಿಸುತ್ತೇವೆ. ಯಂತ್ರಕ್ಕೆ ದೊರೆತಷ್ಟು ಸುಲಭವಾಗಿ ಉಪಾಧ್ಯಾಯನ ಹುದ್ದೆಗೆ ಹಣ ದೊರೆಯಲಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಇದು ಒಬ್ಬಿಬ್ಬರು ಅಧಿಕಾರಿಗಳ ಅಲಕ್ಷ್ಯದಿಂದ ಆದುದಲ್ಲ, ಅನುದಾನದ ರೂಪದಲ್ಲಿಯೇ ಅಡಗಿದ್ದ ಪರಿಣಾಮ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಅನುದಾನದ ರೂಪವು ಶಿಕ್ಷಣದ ರೂಪವನ್ನು ನಿರ್ಧರಿಸುತ್ತದೆ ಎಂಬುದು ಹೊಸ ಮಾತೇನೂ ಅಲ್ಲ. ನಮ್ಮ ನಾಡಿನ ಚರಿತ್ರೆಯಲ್ಲಿಯೇ ಅದಕ್ಕೆ ನಿದರ್ಶನವಿದೆ. 1854ರ ವುಡ್‌ನ ನಿರೂಪವು ಖಾಸಗಿ ಶಾಲೆಗಳಿಗೆ ಸಹಾಯಧನ ನೀಡುವ ಪದ್ಧತಿಯನ್ನು ಭಾರತದಲ್ಲಿ ಸ್ಥಾಪಿಸಿತಷ್ಟೆ. ಆದರೆ ಆ ಸಹಾಯಧನವನ್ನು ಪ್ರತಿಯೊಂದು ಪ್ರಾಂತ್ಯವೂ ತನ್ನದೇ ಆದ ರೀತಿಯಲ್ಲಿ ವಿತರಣೆ ಮಾಡಿತು. ಮದರಾಸು ಪ್ರಾಂತ್ಯದಲ್ಲಿ ಮುಖ್ಯವಾಗಿ ಉಪಾಧ್ಯಾಯರ ಸಂಬಳದ ಒಂದು ಭಾಗವನ್ನು ಸರ್ಕಾರ ಭರಿಸುವ ಕ್ರಮವಿದ್ದಿತು. ಮುಂಬಯಿ ಪ್ರಾಂತ್ಯದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಗೆ ಅನುಸಾರವಾಗಿ ಹಣ ಕೊಡುವ ಕ್ರಮವಿದ್ದಿತು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದೆ. ಅಂದಿನ ಕನ್ನಡ ನಾಡು ಹಂಚಿಹೋಗಿದ್ದ ಕಾರಣ ದಕ್ಷಿಣ ಕನ್ನಡ, ಬಳ್ಳಾರಿಗಳ ಶಾಲೆಗಳು ಒಂದು ಪದ್ಧತಿಗೂ ಧಾರವಾಡ, ಬೆಳಗಾವಿ, ವಿಜಾಪುರಗಳ ಶಾಲೆಗಳು ಇನ್ನೊಂದಕ್ಕೂ ಒಳಪಟ್ಟವು. ಉತ್ತರ ಕನ್ನಡವಂತೂ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಜಿಲ್ಲೆ. ಫಲಿತಾಂಶಕ್ಕೆ ಹಣವೆಂಬ ಕ್ರಮದಲ್ಲಿ ಉಪಾಧ್ಯಾಯನು ಇನ್ಸ್‌ಪೆಕ್ಟರನು ಬರುವ ದಿನಕ್ಕಾಗಿ ಪಾಠ ಹೇಳತೊಡಗಿದನು. ಗಿಣಿಪಾಠಕ್ಕೆ ಪ್ರಾಶಸ್ತ್ಯ ಬಂದಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಹಣ ಯಾವುದನ್ನು ಎಣಿಸುತ್ತದೆಯೋ ಶಾಲೆಯೂ ಅದನ್ನೇ ಎಣಿಸುತ್ತದೆ ಎಂಬ ಈ ಹಳೆಯ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡು 1984ರ ಯೋಜನೆಯನ್ನು ನೋಡಬೇಕು.

ಆ ಯೋಜನೆ ಹುಟ್ಟಿದ ಕಾಲ ಗಣಕಯಂತ್ರಕ್ಕೆ ಅಷ್ಟೇನೂ ಅನುಕೂಲವಾದ ಕಾಲವಾಗಿರಲಿಲ್ಲ. 1960ರ ದಶಕದಲ್ಲಿ ಕಲಕತ್ತೆಯ ಜೀವವಿಮಾ ನಿಗಮದ ನೌಕರರು ಗಣಕಯಂತ್ರ ಕಚೇರಿಯ ಒಳಕ್ಕೆ ಬಾರದಂತೆ ತಡೆದುದು ಪ್ರಸಿದ್ಧವಾಗಿದೆ. ಯಂತ್ರ ಬಂದರೆ ಕೆಲಸ ಹೋಗುತ್ತದೆಂಬ ಭಯ ಅಕಾರಣವಾದುದೂ ಅಲ್ಲ. 1978ರಲ್ಲಿ ಐ.ಬಿ.ಎಂ. ಸಂಸ್ಥೆ ದೇಶವನ್ನು ಬಿಟ್ಟುಹೋಗಿತ್ತು. ಬ್ಯಾಂಕುಗಳಲ್ಲಿ ಯಂತ್ರೀಕರಣ ಮಾಡುವ ವಿಷಯದಲ್ಲಿ ಆಡಳಿತವರ್ಗಕ್ಕೂ ನೌಕರರ ಸಂಘಗಳಿಗೂ ಒಪ್ಪಂದವಾದುದು 1983ರ ಸೆಪ್ಟೆಂಬರಿನಲ್ಲಿ. ಅದಾದ ಮರುವರ್ಷ, 1984ರ ನವೆಂಬರಿನಲ್ಲಿ, ಹೊಸ ಗಣಕ ನೀತಿ ಪ್ರಕಟವಾಯಿತು. ಆಮದಿನ ನಿರ್ಬಂಧಗಳು ಸಡಿಲಗೊಂಡವು. ದೊಡ್ಡವರು ಕಚೇರಿಗಳಲ್ಲಿ ಇನ್ನೂ ಅನುಮಾನದಿಂದ ನೋಡುತ್ತಿದ್ದ ವಸ್ತುವನ್ನು ಮಕ್ಕಳ ಕೈಗೆ ಕೊಡಲು ಸರ್ಕಾರ ಹೊರಟಿತ್ತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಈ ಕಾರ್ಯದಲ್ಲಿ ಶಿಕ್ಷಣ ಮಂತ್ರಾಲಯದ ಜೊತೆಗೆ ಮುಂದಾಳಾಗಿ ನಿಂತುದು 1970ರಲ್ಲಿ ಸ್ಥಾಪಿತವಾಗಿದ್ದ ವಿದ್ಯುನ್ಮಾನ ಇಲಾಖೆ. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಎಂದರೆ ಎನ್.ಸಿ.ಇ.ಆರ್.ಟಿ., ಅದನ್ನು ಶಾಲೆಗಳಲ್ಲಿ ನಡೆಸಿಕೊಡುವ ಭಾರವನ್ನು ಹೊತ್ತಿತು. ಕೈಗಾರಿಕೆಯನ್ನು ಬೆಳೆಸುವುದಕ್ಕಾಗಿ ಇರುವ ಇಲಾಖೆಯ ದೃಷ್ಟಿಗೆ ಶಾಲೆಯು ಯಂತ್ರಗಳು ಹೋಗಿ ಸೇರುವ ಒಂದು ಸ್ಥಳವಾಗಿ ಕಾಣುವುದು ಸ್ವಾಭಾವಿಕ. ಶಿಕ್ಷಣ ಇಲಾಖೆಯ ದೃಷ್ಟಿಗೆ ಅದು ಹುದ್ದೆಗಳ, ವೇಳಾಪಟ್ಟಿಯ, ಪರೀಕ್ಷೆಯ ಸ್ಥಳ. ಮೇಲಾಗಿ, 1976ರ 42ನೆಯ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿದ್ದರೂ ಶಾಲೆಯ ಉಪಾಧ್ಯಾಯನಿಗೆ ಸಂಬಳ ಕೊಡುವುದು ರಾಜ್ಯ ಸರ್ಕಾರವೇ. ದೆಹಲಿಯು ಯಂತ್ರವನ್ನು ಕೊಂಡು ಕಳುಹಿಸಬಲ್ಲುದು. ಹಾಸನದಲ್ಲಿಯೋ ರಾಯಚೂರಿನಲ್ಲಿಯೋ ಒಂದು ಕಾಯಂ ಹುದ್ದೆಯನ್ನು ಸೃಷ್ಟಿಸಲಾರದು. ಈ ರಚನೆಯ ಒಳಗೆ ಯಂತ್ರವೇ ಮುಂದಾಗುವುದು ಅನಿವಾರ್ಯವಾಯಿತು.

ಇದರಲ್ಲಿ ಭಾರತವು ಅನುಸರಿಸಿದ ಮಾದರಿ ಬ್ರಿಟನ್ನಿನದು, ಯಂತ್ರವೂ ಅಲ್ಲಿಯದೇ. ಆದುದರಿಂದ ಅಲ್ಲಿ ಏನಾಗಿತ್ತೆಂಬುದನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. 1980ರ ಮಾರ್ಚಿಯಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಇಲಾಖೆಯು ಸೂಕ್ಷ್ಮ ವಿದ್ಯುನ್ಮಾನ ಶಿಕ್ಷಣ ಕಾರ್ಯಕ್ರಮವೊಂದನ್ನು ಮಂಜೂರು ಮಾಡಿತು. ರಿಚರ್ಡ್ ಫಾದರ್‌ಗಿಲ್ ಅದರ ನಿರ್ದೇಶಕರಾದರು. ಉಪಾಧ್ಯಾಯರ ತರಬೇತಿ ಮತ್ತು ಪಠ್ಯಸಾಮಗ್ರಿಯ ತಯಾರಿಕೆ ಅದರ ಕೆಲಸವಾಗಿತ್ತು. ಮರುವರ್ಷ, 1981ರ ಏಪ್ರಿಲಿನಲ್ಲಿ, ಯಂತ್ರಗಳ ಯೋಜನೆ ಪ್ರತ್ಯೇಕವಾಗಿ ಹೊರಟಿತು. ಇದರ ಹಣ ಬಂದುದು ಕೈಗಾರಿಕಾ ಇಲಾಖೆಯಿಂದ. ಪ್ರತಿಯೊಂದು ಮಾಧ್ಯಮಿಕ ಶಾಲೆಗೂ 1982ರ ಅಂತ್ಯದೊಳಗಾಗಿ ಒಂದಾದರೂ ಗಣಕಯಂತ್ರವಿರಬೇಕೆಂದೂ ಅದರ ಅರ್ಧ ಬೆಲೆಯನ್ನು ಸರ್ಕಾರ ಕೊಡತಕ್ಕದ್ದೆಂದೂ ಗೊತ್ತಾಯಿತು. ಆದರೆ ಶಾಲೆಗಳು ತಮಗೆ ಬೇಕಾದ ಯಂತ್ರವನ್ನು ಕೊಳ್ಳುವಂತಿರಲಿಲ್ಲ. ಸ್ವದೇಶದಲ್ಲಿ ತಯಾರಾದ ಒಂದೆರಡು ಯಂತ್ರಗಳಲ್ಲಿಯೇ ಆರಿಸಿಕೊಳ್ಳಬೇಕಾಗಿತ್ತು. ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆ ತಯಾರಿಸಿದ ‘ಬಿ.ಬಿ.ಸಿ. ಮೈಕ್ರೊ’ ಇವುಗಳಲ್ಲಿ ಒಂದು. ಇಲ್ಲಿ ಶಾಲೆಗೆ ಕೊಟ್ಟ ಸಹಾಯಧನವು ಕೈಗಾರಿಕೆಗೆ ಕೊಟ್ಟ ಸಹಾಯಧನವೂ ಆಗಿತ್ತು. ಇದನ್ನು ದೋಷವೆಂದು ಹೇಳುವುದಕ್ಕಲ್ಲ. ಒಂದೇ ರೂಪಾಯಿಗೆ ಎರಡು ಕೆಲಸ ಹೇಳಿದರೆ ಅದು ಮೊದಲು ಯಾವುದನ್ನು ಮಾಡುವುದೆಂಬುದನ್ನು ತೋರಿಸುವುದಕ್ಕಾಗಿ ಈ ಮಾತು. ಬ್ರಿಟನ್ನಿನಲ್ಲಿಯಾದರೋ ಯಂತ್ರದ ಯೋಜನೆಯೂ ತರಬೇತಿಯ ಯೋಜನೆಯೂ ಜೊತೆಜೊತೆಯಾಗಿ ಇದ್ದವು. ಜೊತೆಗೆ 1982ರ ಜನವರಿಯಿಂದ ಬಿ.ಬಿ.ಸಿ. ದೂರದರ್ಶನವು ಜನಸಾಮಾನ್ಯರಿಗಾಗಿ ಗಣಕ ಪಾಠಮಾಲೆಯನ್ನು ಪ್ರಸಾರ ಮಾಡಿತು. ಭಾರತಕ್ಕೆ ಹಡಗಿನಲ್ಲಿ ಬಂದುದು ಇವುಗಳ ಪೈಕಿ ಯಂತ್ರವೊಂದೇ.

ಈ ‘ಬಿ.ಬಿ.ಸಿ. ಮೈಕ್ರೊ’ 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಯಂತ್ರ. ಅದರ ಎರಡನೆಯ ಮಾದರಿಯಲ್ಲಿ 32 ಕಿಲೋಬೈಟುಗಳಷ್ಟು ಸ್ಮೃತಿ ಇದ್ದಿತು. ಈ ಸಂಚಿಕೆಯ ಒಂದು ಪ್ರಬಂಧವನ್ನು ಅದರಲ್ಲಿ ಇಡುವುದೇ ಕಷ್ಟ. ಆದರೆ ಅದು ಶಾಲೆಗೆ ಹೇಳಿ ಮಾಡಿಸಿದಂತಹ ಯಂತ್ರವಾಗಿದ್ದಿತೆಂಬುದನ್ನು ಒಪ್ಪಬೇಕು. ಗುಂಡಿ ಒತ್ತಿದ ಕೂಡಲೆ ‘ಬೇಸಿಕ್’ ಭಾಷೆಯಲ್ಲಿ ಆಜ್ಞೆಗಳನ್ನು ಬರೆಯಲು ಅದು ಸಿದ್ಧವಾಗಿರುತ್ತಿತ್ತು. ಬೇರೆ ಏನನ್ನೂ ತೋರಿಸದೆ ಬರೆಯುವಂತೆ ಆಹ್ವಾನಿಸುವುದೇ ಅದರ ವಿಶೇಷ. ಇಂದಿನ ಯಂತ್ರಗಳು ಬಳಕೆದಾರನನ್ನು ಬರೆಯುವುದರಿಂದ ದೂರವಿಟ್ಟು ಒತ್ತುವುದಕ್ಕೆ ಮಾತ್ರ ಬಿಡುತ್ತವೆ. ಈ ವ್ಯತ್ಯಾಸವನ್ನು ಕಂಡರೆ, ಗಣಕ ಬಳಸುವುದನ್ನು ಕಲಿಸುವುದಕ್ಕೂ ಗಣಕ ವಿಜ್ಞಾನವನ್ನು ಕಲಿಸುವುದಕ್ಕೂ ಇರುವ ಅಂತರ 1984ರಲ್ಲಿ ಈಗಿನಷ್ಟು ಇರಲಿಲ್ಲವೆಂದು ತೋರುತ್ತದೆ. ಯೋಜನೆಯ ಹೆಸರಿನಲ್ಲಿ ಸಾಕ್ಷರತೆ, ಅಧ್ಯಯನ ಎಂಬ ಎರಡು ಮಾತುಗಳೂ ಇದ್ದವು. ಮುಂದೆ ಎರಡನೆಯದು ಬಿದ್ದುಹೋಗಿ ಮೊದಲನೆಯದೊಂದೇ ಉಳಿಯಿತು.

ಯಂತ್ರವನ್ನು ಭಾರತದಲ್ಲಿಯೇ ತಯಾರಿಸುವ ಆಶೆಯೂ ಈ ಯೋಜನೆಗೆ ಅಂಟಿಕೊಂಡಿತ್ತು. ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರೀ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಈ ಯಂತ್ರದ ಭಾರತೀಯ ರೂಪವನ್ನು ಹೊರತಂದಿತು. 1989ರ ಫೆಬ್ರವರಿಯಲ್ಲಿ ಆ ಕಾರ್ಖಾನೆ ಬೆಂಕಿಗೆ ಆಹುತಿಯಾದುದು ದೇಶದ ವಿದ್ಯುನ್ಮಾನ ಕೈಗಾರಿಕೆಯ ಚರಿತ್ರೆಯಲ್ಲಿ ದೊಡ್ಡ ದುರಂತ; ಅದರ ವಿವರ ಬೇರೊಂದು ಲೇಖನಕ್ಕೆ ತಕ್ಕುದು.

ಶಾಲೆಗಳ ಕಡೆ ನೋಡಿದರೆ, ಎಂಜಿನಿಯರಿಂಗ್ ಕಾಲೇಜುಗಳನ್ನೂ ವಿಶ್ವವಿದ್ಯಾನಿಲಯಗಳನ್ನೂ ಸಂಪನ್ಮೂಲ ಕೇಂದ್ರಗಳನ್ನಾಗಿ ಮಾಡಿ ಅಲ್ಲಿ ಉಪಾಧ್ಯಾಯರಿಗೆ ಕೆಲವು ವಾರಗಳ ತರಬೇತಿ ಕೊಡಲಾಯಿತು. ತರಬೇತಿ ಪಡೆದವರು ಗಣಿತವನ್ನೋ ಭೌತಶಾಸ್ತ್ರವನ್ನೋ ಕಲಿಸುತ್ತಿದ್ದವರು. ಶಾಲೆಗೆ ಹಿಂದಿರುಗಿದ ಮೇಲೆ ಅವರ ಪಾಠದ ಹೊರೆ ಇಳಿಯಲಿಲ್ಲ. ಗಣಕದ ತರಗತಿ ಅದರ ಮೇಲೆ ಸೇರಿತು. ಪರೀಕ್ಷೆಯ ವಿಷಯವಾಗದ ಕಾರಣ ವೇಳಾಪಟ್ಟಿಯಲ್ಲಿ ಅದಕ್ಕೆ ಕೊನೆಯ ಪಂಕ್ತಿ. ಅಂತಹ ಉಪಾಧ್ಯಾಯನಿಗೆ ವರ್ಗವಾದರೆ ಅವನ ಜೊತೆಗೆ ವಿದ್ಯೆಯೂ ವರ್ಗವಾಗುತ್ತಿತ್ತು, ಯಂತ್ರ ಹಿಂದೆ ಉಳಿಯುತ್ತಿತ್ತು. ಆರಂಭದಲ್ಲಿ ಬಂದ ಪಾಠಕ್ರಮದ ತಂತ್ರಾಂಶಗಳೋ ಬ್ರಿಟಿಷ್ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ತಯಾರಾದವು. ಕನ್ನಡ ಮಾಧ್ಯಮದ ಹುಡುಗನಿಗೆ ಗಣಕದ ಪಾಠವು ಮೊದಲು ಇಂಗ್ಲಿಷಿನ ಪಾಠವಾಗಿಯೇ ಎದುರಾಯಿತು. ಇಷ್ಟರಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಹಂತದಿಂದಲೇ ಗಣಕ ಸಾಕ್ಷರತೆಯನ್ನು ವ್ಯಾಪಕವಾಗಿ ಹರಡಬೇಕೆಂದು ಸಾರಿತು. ಶಾಲೆಗಳ ಸಂಖ್ಯೆ ಏರಿತು. 1995-96ರ ವೇಳೆಗೆ ಸುಮಾರು 2,598 ಶಾಲೆಗಳು ‘ಕ್ಲಾಸ್’ ಯೋಜನೆಯ ವ್ಯಾಪ್ತಿಗೆ ಬಂದಿದ್ದವು. ಇಡೀ ದೇಶದ ಮಾಧ್ಯಮಿಕ ಶಾಲೆಗಳ ನಡುವೆ ಇದು ಸಮುದ್ರದಲ್ಲಿ ಕರಗಿಸಿದ ಹುಣಿಸೆಹಣ್ಣಿನಂತೆ ಎಂದರೆ ಉತ್ಪ್ರೇಕ್ಷೆಯಾಗದು.

ಎಂಟನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1993ರಿಂದ, ‘ಕ್ಲಾಸ್’ ಕೇಂದ್ರ ಪುರಸ್ಕೃತ ಯೋಜನೆಯ ರೂಪವನ್ನು ತಳೆಯಿತು. ಪ್ರತಿಯೊಂದು ಶಾಲೆಗೂ ವರ್ಷಕ್ಕೆ 80,000 ರೂಪಾಯಿ; ಉಪಕರಣಗಳನ್ನು ಕೊಳ್ಳಲು ಉನ್ನತ ಮಾಧ್ಯಮಿಕ ಶಾಲೆಗಳಿಗೆ ಒಂದು ಸಲಕ್ಕೆ 1 ಲಕ್ಷ ರೂಪಾಯಿ. ವಾರ್ಷಿಕ ಅನುದಾನವೆಂಬುದು ಕಾಣಿಸಿಕೊಂಡುದು ಒಂದು ಮುನ್ನಡೆಯೇ ಸರಿ. ಆದರೆ ಆ ಹೊತ್ತಿಗೆ ಹಳೆಯ ಯಂತ್ರಗಳಿಗೆ ಬಿಡಿಭಾಗಗಳು ದೊರೆಯದಂತಾಗಿದ್ದವು. ‘ಬಿ.ಬಿ.ಸಿ. ಮೈಕ್ರೊ’ಗಳು ಮುಂದಿನ ಬಳಕೆಗೆ ಯೋಗ್ಯವಲ್ಲವೆಂದು ನಿರ್ಣಯವಾಗಿ 1996-97ರಲ್ಲಿ ಪೆಂಟಿಯಂ ಗಣಕಗಳನ್ನು ಒದಗಿಸಲು ಯೋಜನಾ ಆಯೋಗ ಅನುಮತಿ ಕೊಟ್ಟಿತು. 12 ವರ್ಷಗಳಲ್ಲಿ ಯಂತ್ರದ ಆಯುಸ್ಸು ಮುಗಿದಿತ್ತು. ಅದೇ 1984ರಲ್ಲಿ ಮೂವತ್ತರ ಪ್ರಾಯದ ಉಪಾಧ್ಯಾಯನೊಬ್ಬನಿಗೆ ಈ ವಿದ್ಯೆಯನ್ನು ಚೆನ್ನಾಗಿ ಕಲಿಸಿ ಇದಕ್ಕಾಗಿಯೇ ನೇಮಿಸಿದ್ದರೆ 1996ರಲ್ಲಿ ಅವನ ಸೇವೆಯ ಅರ್ಧ ಭಾಗವೂ ಕಳೆದಿರುತ್ತಿರಲಿಲ್ಲ. ಈ ಲೆಕ್ಕವನ್ನು ಅಂದು ಯಾರೂ ಹಾಕಲಿಲ್ಲವೆಂದು ನಾವು ಹೇಳುವುದಿಲ್ಲ. ಹಾಕಿದ್ದರೂ ಅದನ್ನು ಬರೆಯತಕ್ಕ ಅಂಕಣ ಆ ಲೆಕ್ಕಪತ್ರದಲ್ಲಿ ಇರಲಿಲ್ಲ.

ಲೆಕ್ಕಪತ್ರದ ಮಾತು ಬಂದುದರಿಂದ ನಮ್ಮ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಕೆಲವು ವರ್ಷಗಳ ಹಿಂದೆ ಬೇರೊಂದು ವಿಷಯದ ಸಾಮಗ್ರಿ ಸಂಗ್ರಹಕ್ಕಾಗಿ ಒಂದು ಹಳೆಯ ಪ್ರೌಢಶಾಲೆಗೆ ಹೋಗಿದ್ದಾಗ ಅಲ್ಲಿನ ದಾಸ್ತಾನು ಪುಸ್ತಕವನ್ನು ನೋಡುವ ಅವಕಾಶ ದೊರೆಯಿತು. ಗ್ಲೋಬು, ಭೂಪಟ, ತೂಕದ ಕಲ್ಲು, ಹಾರ್ಮೋನಿಯಂ ಇವುಗಳ ಕೆಳಗೆ ಗಣಕಯಂತ್ರಗಳೂ ಕ್ರಮಸಂಖ್ಯೆ ಪಡೆದಿದ್ದವು. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ದುರಸ್ತಿಗೆ ಯೋಗ್ಯವಲ್ಲ’ ಎಂಬ ಷರಾ ಇತ್ತು. ಯಂತ್ರ ಬಂದ ದಿನ, ಹೋದ ದಿನ, ಬೆಲೆ, ಮುಖ್ಯೋಪಾಧ್ಯಾಯರ ರುಜು ಎಲ್ಲವೂ ಅಚ್ಚುಕಟ್ಟಾಗಿದ್ದವು. ಅದರ ಮುಂದೆ ಕುಳಿತು ಎಷ್ಟು ಮಂದಿ ಏನನ್ನು ಕಲಿತರೆಂಬುದಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಯ ಎಲ್ಲೆಗಳನ್ನು ಓದುವ ಅಭ್ಯಾಸವಿರುವ ನಮಗೆ ಇದು ಹೊಸದಾಗಿ ತೋರಲಿಲ್ಲ. ಆದರೂ ನಮ್ಮ ಅಗ್ರಹಾರ, ಘಟಿಕಾಸ್ಥಾನಗಳ ಶಾಸನಗಳಲ್ಲಿ ಓದಿಸುವ ಉಪಾಧ್ಯಾಯರ ಜೀವಿತಕ್ಕೆಂದು ಬಿಟ್ಟ ವೃತ್ತಿಯನ್ನು ಪ್ರತ್ಯೇಕವಾಗಿ ಹೇಳುವುದುಂಟು. ಆ ದಾನಿಗಳು ವಿದ್ಯೆಗೆ ಕೊಡುವುದೆಂದರೆ ಓದಿಸುವವನಿಗೆ ಕೊಡುವುದೆಂದು ತಿಳಿದಿದ್ದರು.

ಹೊಸ ಶತಮಾನದ ಆರಂಭದಲ್ಲಿ ರಾಜ್ಯಗಳು ತಾವೇ ಈ ಕಾರ್ಯಕ್ಕೆ ಕೈಹಾಕಿದವು. ನೆರೆಹೊರೆಯ ಎರಡು ರಾಜ್ಯಗಳು ಒಂದೇ ವರ್ಷದಲ್ಲಿ, ಎಂದರೆ 2001ರಲ್ಲಿ, ಎರಡು ಭಿನ್ನ ಮಾರ್ಗಗಳನ್ನು ಹಿಡಿದುದು ಈ ವಿಷಯದ ಅಧ್ಯಯನಕ್ಕೆ ದೊರೆತಿರುವ ಅಪೂರ್ವವಾದ ಅನುಕೂಲ. ಕರ್ನಾಟಕವು ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ 1,000 ಸರ್ಕಾರೀ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ಒದಗಿಸಿತು. ಯಂತ್ರಗಳನ್ನು ಸ್ಥಾಪಿಸುವುದು, ನೋಡಿಕೊಳ್ಳುವುದು, ಪಾಠ ಹೇಳುವವರನ್ನು ಒದಗಿಸುವುದು ಇವೆಲ್ಲವನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಯಾಗಿ ಕೊಡಲಾಯಿತು. ಗುತ್ತಿಗೆಯ ಅವಧಿ ಐದು ವರ್ಷ. ಇದರಿಂದ ಗ್ರಾಮಾಂತರದ ಸಾವಿರಾರು ಮಕ್ಕಳು ಮೊದಲ ಸಲ ಗಣಕಯಂತ್ರವನ್ನು ಮುಟ್ಟಿನೋಡಿದರು ಎಂಬುದು ಅಲ್ಪವಾದ ಮಾತಲ್ಲ. ಪಾದರಕ್ಷೆಗಳನ್ನು ಹೊರಗೆ ಸಾಲಾಗಿ ಬಿಟ್ಟು ದೇವರ ಮನೆಗೆ ಹೋಗುವಂತೆ ಗಣಕದ ಕೋಣೆಗೆ ಹೋದುದು ನಮ್ಮ ತಲೆಮಾರಿನವರಲ್ಲಿ ಹಲವರಿಗೆ ನೆನಪಿರಬಹುದು. ಆದರೆ ಪಾಠ ಹೇಳಿದವರು ಶಾಲೆಯ ಉಪಾಧ್ಯಾಯರಾಗಿರಲಿಲ್ಲ. ಗುತ್ತಿಗೆಯ ಸಂಸ್ಥೆಯ ನೌಕರರಾಗಿದ್ದರು. ಗುತ್ತಿಗೆ ಮುಗಿದಾಗ ಅವರೂ ಹೋದರು. ಕಾಯಂ ಉಪಾಧ್ಯಾಯರು ಐದು ವರ್ಷ ಆ ಕೋಣೆಯ ಹೊರಗಿದ್ದವರು. ಬೀಗದಕೈ ಮಾತ್ರ ಅವರ ವಶಕ್ಕೆ ಬಂದಿತು.

ಕೇರಳದಲ್ಲಿ ‘ಐ.ಟಿ. ಅಟ್ ಸ್ಕೂಲ್’ ಎಂಬ ಯೋಜನೆ ಆರಂಭವಾದುದು ಪ್ರೊಫೆಸರ್ ಯು. ಆರ್. ರಾವ್ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸುಗಳ ಮೇಲೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಭಾರತದ ಮೊದಲ ಉಪಗ್ರಹ ಆರ್ಯಭಟದ ನಿರ್ಮಾಣಕ್ಕೆ ನಾಯಕರಾಗಿದ್ದ ಇವರು ನೆರೆಯ ರಾಜ್ಯದ ಶಾಲೆಗಳಿಗೆ ದಾರಿ ತೋರಿಸಿದುದು ಕನ್ನಡಿಗರು ಹೆಮ್ಮೆಯಿಂದಲೂ ಸ್ವಲ್ಪ ವಿಷಾದದಿಂದಲೂ ನೆನೆಯಬೇಕಾದ ಸಂಗತಿ. ಅಲ್ಲಿ ಗಣಕ ಪಾಠವನ್ನು ಹೊರಗಿನವರಿಗೆ ಒಪ್ಪಿಸಲಿಲ್ಲ. ಶಾಲೆಯ ಉಪಾಧ್ಯಾಯರ ಪೈಕಿಯೇ ಕೆಲವರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿದರು. ಪ್ರತಿಯೊಂದು ಶಾಲೆಯಲ್ಲಿಯೂ ಒಬ್ಬ ಉಪಾಧ್ಯಾಯನಿಗೆ ಸಂಯೋಜಕನ ಹೊಣೆಯನ್ನು ಕೊಟ್ಟರು. ಗಣಿತ, ವಿಜ್ಞಾನ, ಸಮಾಜ, ಭಾಷೆಗಳನ್ನು ಕಲಿಸುವವರೇ ಗಣಕವನ್ನೂ ಕಲಿಸಿದರು. ಅನಂತರದ ವರ್ಷಗಳಲ್ಲಿ ವಿಷಯವು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಭಾಗವಾಯಿತು. ಪರವಾನಗಿ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶಗಳಿಗೆ ರಾಜ್ಯದ ಶಾಲೆಗಳು ಬದಲಾಗಿ, ಮಲಯಾಳಂ ಭಾಷೆಯಲ್ಲಿಯೇ ಯಂತ್ರವು ಮಾತನಾಡತೊಡಗಿತು. 2017ರಲ್ಲಿ ಈ ಯೋಜನೆಯೇ ‘ಕೈಟ್’ ಎಂಬ ಸರ್ಕಾರೀ ಕಂಪನಿಯಾಯಿತು. ಅದರ ಮೂಲಕ 4,752 ಶಾಲೆಗಳ 45,000 ತರಗತಿಗಳಿಗೆ ಉಪಕರಣಗಳನ್ನು ಒದಗಿಸಲಾಯಿತು. ಈ ಅನುಕ್ರಮವನ್ನು ವಾಚಕರು ಗಮನಿಸಬೇಕು. ಉಪಕರಣಗಳ ಮಹಾಪೂರ ಬಂದುದು ಉಪಾಧ್ಯಾಯರು ಸಿದ್ಧರಾಗಿ 15 ವರ್ಷಗಳಾದ ಮೇಲೆ.

ಕೇರಳವನ್ನು ಹೊಗಳುವ ಭರದಲ್ಲಿ ವಿವೇಕವನ್ನು ಬಿಡಬಾರದು. ಅಲ್ಲಿನ ಸಾಕ್ಷರತೆ, ಶಾಲೆಗಳ ಸಾಂದ್ರತೆ, ಉಪಾಧ್ಯಾಯ ಸಂಘಗಳ ಬಲ ಇವುಗಳಲ್ಲಿ ಯಾವುದೂ 2001ರಲ್ಲಿ ಹುಟ್ಟಿದುದಲ್ಲ. ಕಾಸರಗೋಡಿಗೆ ಸಾಧ್ಯವಾದುದು ಯಾದಗಿರಿಗೆ ಅದೇ ವೇಗದಲ್ಲಿ ಸಾಧ್ಯವಾಗುತ್ತಿತ್ತೆಂದು ಹೇಳಲಾಗದು. ಎಲ್ಲ ವಿಷಯಗಳ ಉಪಾಧ್ಯಾಯರೂ ಗಣಕವನ್ನು ಕಲಿಸುವ ಕ್ರಮದಲ್ಲಿ ವಿಜ್ಞಾನದ ಆಳ ಕಡಮೆಯಾಗುವ ಅಪಾಯವೂ ಇದೆ. ಆದರೂ ಅನುದಾನದ ದೃಷ್ಟಿಯಿಂದ ನೋಡಿದರೆ ಒಂದು ಮಾತು ಸ್ಪಷ್ಟ. ಕೇರಳವು ತಾನು ಆಗಲೇ ಕೊಡುತ್ತಿದ್ದ ಸಂಬಳದ ಮೇಲೆ ಗಣಕ ಶಿಕ್ಷಣವನ್ನು ನಿಲ್ಲಿಸಿತು. ಆ ಹಣಕ್ಕೆ ಮುಕ್ತಾಯದ ದಿನಾಂಕವಿರಲಿಲ್ಲ. ಕರ್ನಾಟಕವು ಅದನ್ನು ಗುತ್ತಿಗೆಯ ಮೇಲೆ ನಿಲ್ಲಿಸಿತು. ಆ ಹಣಕ್ಕೆ ಇತ್ತು.

2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ‘ಐ.ಸಿ.ಟಿ. ಅಟ್ ಸ್ಕೂಲ್ಸ್’ ಯೋಜನೆ ‘ಕ್ಲಾಸ್’ನ ಸ್ಥಾನಕ್ಕೆ ಬಂದಿತು, 2010ರಲ್ಲಿ ಅದನ್ನು ಪರಿಷ್ಕರಿಸಿದರು. ಪರಿಷ್ಕೃತ ಯೋಜನೆಯ ಮೇರೆಗೆ ಶಾಲೆಯೊಂದಕ್ಕೆ ಒಂದು ಸಲದ ಅನುದಾನ 6.40 ಲಕ್ಷ ರೂಪಾಯಿ. ಅನಂತರ ವರ್ಷಕ್ಕೆ 2.70 ಲಕ್ಷ ರೂಪಾಯಿಯಂತೆ ಐದು ವರ್ಷ. ಬಹುತೇಕ ರಾಜ್ಯಗಳಲ್ಲಿ ಕೇಂದ್ರದ ಪಾಲು ಮುಕ್ಕಾಲು, ರಾಜ್ಯದ ಪಾಲು ಕಾಲು. ಗಣಕಕ್ಕಾಗಿಯೇ ಪ್ರತ್ಯೇಕ ಉಪಾಧ್ಯಾಯನಿರಬೇಕೆಂದು ಯೋಜನೆಯಲ್ಲಿ ಮೊದಲ ಸಲ ನಮೂದಾಯಿತು. ಈ ಅಂಕಿಗಳನ್ನು ಕೂಡಿಸಿದರೆ ಆವರ್ತಕ ವೆಚ್ಚ ಐದು ವರ್ಷಕ್ಕೆ 13.50 ಲಕ್ಷ ರೂಪಾಯಿಯಾಗುತ್ತದೆ. ಯಂತ್ರದ ಹಣದ ಎರಡು ಪಟ್ಟಿಗಿಂತಲೂ ಹೆಚ್ಚು. ಆದುದರಿಂದ ಸರ್ಕಾರವು ಯಂತ್ರಕ್ಕೆ ಹೆಚ್ಚು, ಮನುಷ್ಯರಿಗೆ ಕಡಮೆ ಕೊಟ್ಟಿತೆಂದು ಸರಳವಾಗಿ ಆಪಾದಿಸುವವರ ವಾದವು 2010ರ ಅನಂತರದ ಕಾಲಕ್ಕೆ ಹೊಂದುವುದಿಲ್ಲ. ನಾವೂ ಈ ವಿಷಯವನ್ನು ಕೈಗೊಂಡಾಗ ಹಾಗೆಯೇ ತಿಳಿದಿದ್ದೆವು. ದೋಷವಿದ್ದುದು ಮೊತ್ತದಲ್ಲಿ ಅಲ್ಲ, ಅವಧಿಯಲ್ಲಿ. ಯಂತ್ರ ಹಳತಾಗುವ ಐದು ವರ್ಷಗಳನ್ನೇ ಉಪಾಧ್ಯಾಯನ ಆಯುಸ್ಸಾಗಿಯೂ ಇಟ್ಟುಕೊಂಡುದು ಆ ಲೆಕ್ಕದ ವೈಚಿತ್ರ್ಯ. ಸಂಸ್ಥೆಯೊಂದು ಕಟ್ಟಿ, ನಡೆಸಿ, ಕೊನೆಗೆ ಶಾಲೆಗೆ ಹಸ್ತಾಂತರಿಸುವ ‘ಬೂಟ್’ ಎಂಬ ಗುತ್ತಿಗೆ ಕ್ರಮಕ್ಕೂ ಯೋಜನೆಯಲ್ಲಿ ಎಡೆಯಿತ್ತು. ರಸ್ತೆಗೂ ಸೇತುವೆಗೂ ತಕ್ಕ ಕ್ರಮ ಅದು. ಸೇತುವೆಯನ್ನು ಹಸ್ತಾಂತರಿಸಬಹುದು, ಐದು ವರ್ಷ ಪಾಠ ಹೇಳಿದವನ ಅನುಭವವನ್ನು ಯಾರಿಗೆ ಹಸ್ತಾಂತರಿಸಬೇಕು?

ಹುದ್ದೆಗಳನ್ನು ಸೃಷ್ಟಿಸದಿರುವುದಕ್ಕೆ ಹಣಕಾಸಿನ ಇಲಾಖೆಗಳು ಕೊಡುವ ಕಾರಣ ತಿರಸ್ಕರಿಸತಕ್ಕದ್ದಲ್ಲ. ಕಾಯಂ ಹುದ್ದೆಯೆಂದರೆ 30 ವರ್ಷದ ಸಂಬಳ, ಅದರ ಮೇಲೆ ನಿವೃತ್ತಿ ವೇತನ. ಗಣಕದ ವಿದ್ಯೆ ಬೇಗ ಬದಲಾಗುವುದರಿಂದ ಇಂದು ನೇಮಕವಾದವನು ನಾಳೆಗೆ ನಿರುಪಯೋಗಿಯಾಗುವನೆಂಬ ಆಕ್ಷೇಪಣೆಯನ್ನೂ ಕೇಳಿದ್ದೇವೆ. ಮೊದಲನೆಯದಕ್ಕೆ ಉತ್ತರ ಕಷ್ಟ. ಎರಡನೆಯದಕ್ಕೆ ಹಾಗಲ್ಲ. ಬದಲಾಗುವುದು ಯಂತ್ರದ ಹೊರಮೈ. ಒಂದು ಸಮಸ್ಯೆಯನ್ನು ಹಂತಗಳಾಗಿ ಬಿಡಿಸುವುದು, ಷರತ್ತು ಹಾಕುವುದು, ಒಂದೇ ಕ್ರಿಯೆಯನ್ನು ಪುನರಾವರ್ತಿಸುವುದು, ತಪ್ಪು ಎಲ್ಲಿದೆಯೆಂದು ಹುಡುಕುವುದು, ಇವು 1984ರ ‘ಬೇಸಿಕ್’ನಲ್ಲಿ ಹೇಗಿದ್ದವೋ ಇಂದಿನ ‘ಪೈಥಾನ್’ನಲ್ಲಿಯೂ ಹಾಗೆಯೇ ಇವೆ. ಬರೆಯುವುದನ್ನು ಬಲ್ಲ ಉಪಾಧ್ಯಾಯ ಹಳತಾಗುವುದಿಲ್ಲ. ಯಾವ ಗುಂಡಿಯನ್ನು ಒತ್ತಬೇಕೆಂದು ಮಾತ್ರ ಬಲ್ಲವನು ಹಳತಾಗುತ್ತಾನೆ. ಇದಕ್ಕೆ ನಮ್ಮ ರಾಜ್ಯದ ಪದವಿಪೂರ್ವ ಹಂತವೇ ಸಾಕ್ಷಿ. ಅಲ್ಲಿ ಗಣಕ ವಿಜ್ಞಾನವು ಪರೀಕ್ಷೆಯ ವಿಷಯವಾಗಿದೆ, ಪಠ್ಯಕ್ರಮವಿದೆ, ಅದನ್ನು ಬೋಧಿಸುವ ಉಪನ್ಯಾಸಕರಿದ್ದಾರೆ. ಯಂತ್ರಗಳು ಎಷ್ಟು ಸಲ ಬದಲಾದರೂ ವಿಷಯ ಉಳಿದುಕೊಂಡು ಬಂದಿದೆ.

ಭಾಷೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶವು 2000ದ ಅನಂತರ ಸರ್ಕಾರದ ಮೂಲಕ ಹಂಚಿಕೆಯಾಗಿ ಶಾಲೆಗಳನ್ನೂ ತಲಪಿತು. ಅದರ ಕೀಲಿಮಣೆಯ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ಕಾರ್ಯ ಆಧಾರ. ದೊಡ್ಡ ಅನುದಾನಗಳ ಪಕ್ಕದಲ್ಲಿ ಇದು ಅತ್ಯಲ್ಪ ವೆಚ್ಚದ ಕೆಲಸ. ಆದರೂ ‘ಕ್ಲಾಸ್’ ಯೋಜನೆ ಮಾಡಲಾರದುದನ್ನು ಇದು ಮಾಡಿತು. 2011ರಿಂದ ರಾಜ್ಯದ ಶಿಕ್ಷಣ ಇಲಾಖೆ ಬೆಂಗಳೂರಿನ ‘ಐ.ಟಿ. ಫಾರ್ ಚೇಂಜ್’ ಸಂಸ್ಥೆಯ ಸಹಯೋಗದಲ್ಲಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮವನ್ನು ನಡೆಸಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಉಪಾಧ್ಯಾಯರು ಸ್ವತಂತ್ರ ತಂತ್ರಾಂಶಗಳನ್ನು ಕಲಿತು, ಕನ್ನಡದಲ್ಲಿ ಪಾಠಸಾಮಗ್ರಿಯನ್ನು ತಾವೇ ಬರೆದು ಒಂದೆಡೆ ಕೂಡಿಸತೊಡಗಿದರು. 1,000 ಶಾಲೆಗಳ ಗುತ್ತಿಗೆ ಹೊರಟ 10 ವರ್ಷಗಳ ಮೇಲೆ ಕರ್ನಾಟಕವು ಕೇರಳದ ದಾರಿಯ ಒಂದು ಕವಲಿಗೆ ಬಂದಿತ್ತು.

ಮೊದಲು ಯಂತ್ರ ಕಳುಹಿಸಿದ ಬ್ರಿಟನ್ನಿನ ಮುಂದಿನ ಕಥೆಯೂ ಇದಕ್ಕೆ ಹೊರತಾಗಿಲ್ಲ. ತರಬೇತಿಗೆಂದು ಮೀಸಲಾಗಿದ್ದ ಸೂಕ್ಷ್ಮ ವಿದ್ಯುನ್ಮಾನ ಕಾರ್ಯಕ್ರಮ 1986ರಲ್ಲಿ ಮುಚ್ಚಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಶಾಲೆಗಳಲ್ಲಿಯೂ ಗಣಕ ವಿಜ್ಞಾನವು ಕರಗಿ ಕಚೇರಿಯ ತಂತ್ರಾಂಶಗಳನ್ನು ಬಳಸುವ ವಿದ್ಯೆಯಾಯಿತು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿಯ ವರದಿಯು ಈ ಸ್ಥಿತಿಯನ್ನು ಕಟುವಾಗಿ ವಿಮರ್ಶಿಸಿತು. 2014ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಗಣಕ ವಿಜ್ಞಾನ ಮತ್ತೆ ಸ್ಥಾನ ಪಡೆಯಿತು. ಕಲಿಸುವವರು ಸಾಲದೆ ಹೋದಾಗ, 2017ರ ನವೆಂಬರಿನ ಆಯವ್ಯಯದಲ್ಲಿ 8.4 ಕೋಟಿ ಪೌಂಡುಗಳನ್ನು ತೆಗೆದಿರಿಸಲಾಯಿತು. ಆ ಹಣ ಈ ಸಲ ಮುಖ್ಯವಾಗಿ ಉಪಾಧ್ಯಾಯರ ತರಬೇತಿಗೆ. 1981ರಲ್ಲಿ ಅರ್ಧ ಬೆಲೆಗೆ ಯಂತ್ರ ಕೊಟ್ಟ ಅದೇ ಖಜಾನೆ ಇದು; ನಡುವೆ ಸಂದ ಕಾಲ 36 ವರ್ಷ.

ನಮ್ಮಲ್ಲಿ 2018ರಲ್ಲಿ ‘ಐ.ಸಿ.ಟಿ.’ ಯೋಜನೆಯು ಸಮಗ್ರ ಶಿಕ್ಷಣ ಎಂಬ ದೊಡ್ಡ ಯೋಜನೆಯೊಳಗೆ ವಿಲೀನವಾಯಿತು. ಬಹುತೇಕ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40 ಎಂದಾಯಿತು. ಐದು ವರ್ಷದ ಆವರ್ತಕ ಅನುದಾನದ ಪದ್ಧತಿ ಅದರೊಡನೆಯೇ ಬಂದಿತು. ಕೇಂದ್ರ ಶಿಕ್ಷಣ ಮಂತ್ರಾಲಯವು ಪ್ರಕಟಿಸುವ ಶಾಲಾ ಅಂಕಿಅಂಶಗಳ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳ ಪೈಕಿ ಶೇಕಡ 57.2ರಲ್ಲಿ ಕಾರ್ಯಸ್ಥಿತಿಯಲ್ಲಿರುವ ಗಣಕಯಂತ್ರಗಳಿದ್ದವು. ‘ಕಾರ್ಯಸ್ಥಿತಿಯಲ್ಲಿರುವ’ ಎಂಬ ವಿಶೇಷಣವನ್ನು ಆ ಪಟ್ಟಿಯಲ್ಲಿ ಯಂತ್ರಕ್ಕೆ ಹಚ್ಚಿದ್ದಾರೆ. ಹಳೆಯ ದಾಸ್ತಾನು ಪುಸ್ತಕದ ಕೆಂಪು ಷರಾ ಇಲ್ಲಿ ಅಚ್ಚಿನ ಅಂಕಣವಾಗಿ ಬಂದು ಕುಳಿತಿದೆ.